ಯಾಜಕಕಾಂಡ ಓದುವಾಗ ದೇವರ ಕೃಪೆಯನ್ನು ಎಲ್ಲಿ ಹುಡುಕಲಿ?

ಬೆಟಗೇರಿ ಅಕ್ಕ:

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ನಾನು ಗದಗ-ಬೆಟಗೇರಿಯವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಈ ವರ್ಷ ಇಡೀ ಸತ್ಯವೇದ (ಬೈಬಲ್) ಓದಿ ಮುಗಿಸಿ ಅಂತ ನಮ್ಮ ಸಭಾಪಾಲಕರು ಹೊಸ ವರ್ಷದ ಆರಾಧನೆಯಲ್ಲಿ ಹೇಳಿದರು. ಬೆಳಿಗ್ಗೆ ಮನೆಯವರು ಏಳುವ ಮೊದಲು ಓದುತ್ತೇನೆ. ಆದಿಕಾಂಡ ಓದಿದ್ದೇ ಗೊತ್ತಾಗಲಿಲ್ಲ. ಯೋಸೇಫ ಅಣ್ಣಂದಿರನ್ನು ಅಪ್ಪಿಕೊಂಡು ಅಳುವಲ್ಲಿ ನನಗೂ ಅಳು ಬಂತು. ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರದ, ಅಂದರೆ ಇಸ್ರಾಯೇಲ್ಯರ ಆರಾಧನೆಯ ಡೇರೆಯ, ಅಳತೆಗಳು ಬೇಜಾರು ಅನ್ನುತ್ತಾರೆ. ಹೊಲಿಗೆಯವಳಿಗೆ ಅದು ಬೇಜಾರಾಗುತ್ತದಾ? ಒಂದು ಪರದೆಗೆ 50 ಕುಣಿಕೆ, ಅದೂ ನೀಲಿ ದಾರದ್ದು. ನನಗೆ ತುಂಬ ಇಷ್ಟವಾಯಿತು.

ಈಗ ಬಲಿ, ಯಜ್ಞಗಳ ಕಟ್ಟಳೆಗಳಿರುವ ಯಾಜಕಕಾಂಡಕ್ಕೆ ಬಂದಿದ್ದೇನೆ. ಬರೀ ರಕ್ತ, ಕೊಬ್ಬು, ಬೂದಿ. ಓದಿದ ಮೇಲೆ ದೇವರ ಕೃಪೆಯನ್ನು ಧ್ಯಾನಿಸಬೇಕು ಅನ್ನುತ್ತಾರಲ್ಲ, ಇಲ್ಲಿ ಏನನ್ನು ಧ್ಯಾನಿಸಲಿ? ಇನ್ನೊಂದು ಮಾತು. ಮದುವೆ ಸೀಸನ್ನಿನಲ್ಲಿ ಕೆಲಸ ಜಾಸ್ತಿ, ಓದು ತಪ್ಪುತ್ತದೆ. ತಪ್ಪಿದ ದಿನ ಪ್ರಾರ್ಥನೆಗೆ ಕೂರುವುದಕ್ಕೇ ಅಂಜಿಕೆ ಆಗುತ್ತದೆ.

ಕೋಲಾರದ ತಮ್ಮ:

ಅಕ್ಕ, ಒಟ್ಟು 1,189 ಅಧ್ಯಾಯಗಳಿವೆ. ದಿನಕ್ಕೆ 3, ಭಾನುವಾರ 5 ಓದಿದರೆ ವರ್ಷಕ್ಕೆ ಮುಗಿಯುತ್ತದೆ. ನಾನು ಓದುವುದು ಬೇರೆ ಪಟ್ಟಿ. ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಷೇನ್ 1842ರಲ್ಲಿ ತಮ್ಮ ಸಭೆಗೆಂದು ಮಾಡಿದ್ದು. ದಿನಾ ನಾಲ್ಕು ಕಡೆಯಿಂದ ಓದುವುದು. ವರ್ಷದಲ್ಲಿ ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಆಗುತ್ತವೆ. ಯಾಜಕಕಾಂಡದ ಪಕ್ಕದಲ್ಲೇ ಕೀರ್ತನೆಯೂ ಇರುತ್ತದೆ, ಹಾಗಾಗಿ ಭಾರ ಅನ್ನಿಸುವುದಿಲ್ಲ. ಪಟ್ಟಿಯ ಜೊತೆ ಅದರ ಅಪಾಯಗಳನ್ನೂ ಅವರೇ ಬರೆದಿದ್ದರು: ಓದು ಬರೀ ವಾಡಿಕೆಯಾಗಬಹುದು, ಓದಿ ಮುಗಿಸಿದೆ ಎಂಬ ಹೆಮ್ಮೆ ಬರಬಹುದು, ಕೆಲವರಿಗೆ ಹೊರಲಾಗದ ನೊಗವೂ ಆಗಬಹುದು. ನಿಮ್ಮ ಅಂಜಿಕೆ ಆ ಕೊನೆಯದೇ ಅನ್ನಿಸುತ್ತದೆ.

ಉಡುಪಿ ಟೀಚರ್:

ತಂಗಿ, ನಾನು ನಿವೃತ್ತ ಶಿಕ್ಷಕಿ. ಸಂಡೇ ಸ್ಕೂಲಿನಲ್ಲಿ ಈಗಲೂ ಪಾಠ ಮಾಡುತ್ತೇನೆ. ಯಾಜಕಕಾಂಡ ನನಗೆ ಬಹಳ ಪ್ರಿಯವಾದ ಪುಸ್ತಕ.

5ನೇ ಅಧ್ಯಾಯ ತೆಗೆಯಿರಿ. ತಪ್ಪು ಮಾಡಿದವನು ಮಂದೆಯಿಂದ ಒಂದು ಹೆಣ್ಣು ಕುರಿಯನ್ನೋ ಆಡನ್ನೋ ತರಬೇಕು. ಅದಕ್ಕೆ ಗತಿಯಿಲ್ಲದಿದ್ದರೆ? 7ನೇ ವಚನ: ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ ಸಾಕು. ಅದಕ್ಕೂ ಗತಿಯಿಲ್ಲದಿದ್ದರೆ? 11ನೇ ವಚನ: ಒಂದಿಷ್ಟು ಗೋದಿಹಿಟ್ಟು ಸಾಕು. ಇಲ್ಲಿ ಬಾಗಿಲನ್ನು ತಗ್ಗಿಸುತ್ತಾ ಬಂದವನು ದೇವರೇ. ಬಡವ ಬಂದು ಬೇಡಿಕೊಂಡ ಮೇಲೆ ಕೊಟ್ಟ ರಿಯಾಯಿತಿ ಅಲ್ಲ ಇದು. ಅವನು ಬರುವ ಮೊದಲೇ ಕಟ್ಟಳೆಯಲ್ಲಿ ಬರೆದಿಟ್ಟದ್ದು.

12ನೇ ಅಧ್ಯಾಯದ ಕೊನೆಯಲ್ಲಿ ಬಾಣಂತಿಗೂ ಹೀಗೇ ಇದೆ: ಕುರಿ ತರಲಾಗದವಳು ಎರಡು ಹಕ್ಕಿ ತರಲಿ. ಆಮೇಲೆ ಲೂಕ 2:24 ನೋಡಿ. ಮರಿಯಳೂ ಯೋಸೇಫನೂ ಮಗುವನ್ನು ಎತ್ತಿಕೊಂಡು ಯೆರೂಸಲೇಮಿಗೆ ಹೋದಾಗ ಹೇಳಿರುವುದು ಆ ಹಕ್ಕಿಗಳ ಕಟ್ಟಳೆಯನ್ನೇ. ಬಡವರಿಗೆಂದು ದೇವರು ಇಟ್ಟ ಸಾಲಿನಲ್ಲೇ ಅವನ ಮಗನ ತಾಯಿ ನಿಂತಳು. ಯಾಜಕಕಾಂಡ ಓದದಿದ್ದರೆ ಲೂಕನ ಆ ಒಂದು ಸಾಲು ಸುಮ್ನೆ ದಾಟಿ ಹೋಗುತ್ತದೆ, ಅಲ್ವಾ?

ಯಾಜಕಕಾಂಡ 19:9-10ನ್ನೂ ಬಿಡಬೇಡಿ. ಹೊಲದ ಮೂಲೆ ಕೊಯ್ಯಬೇಡಿ, ಬಿದ್ದ ತೆನೆ ಆಯಬೇಡಿ, ಬಡವರಿಗೂ ಪರದೇಶದವರಿಗೂ ಬಿಡಿ. ಅದೇ ಬಿದ್ದ ತೆನೆಗಳನ್ನು ಆಯುತ್ತಾ ಪರದೇಶದ ಮೋವಾಬ್ಯಳಾದ ರೂತಳು ಬೋವಜನ ಹೊಲಕ್ಕೆ ಬಂದಳು. ಅವಳ ಮರಿಮಗನೇ ದಾವೀದ.

ಓದು ತಪ್ಪಿದ ದಿನದ ಅಂಜಿಕೆಯ ವಿಷಯ. ವಿಮೋಚನಕಾಂಡ 16 ಓದಿದ್ದೀರಿ. ಅರಣ್ಯದಲ್ಲಿ ದೇವರು ಆಕಾಶದಿಂದ ಕೊಟ್ಟ ಆಹಾರವಾದ ಮನ್ನ ಬಿದ್ದದ್ದು ಯಾರಿಗೆ? ಹಿಂದಿನ ವಚನಗಳಲ್ಲಿ ಗೊಣಗುಟ್ಟಿದ ಜನರಿಗೇ. ಓದು ಕೂಡ ದೇವರಿಗೆ ನಾವು ಕಟ್ಟುವ ಕಂತಲ್ಲ, ಅವನು ಬಡಿಸುವ ಊಟ. ಒಂದು ಹೊತ್ತು ತಪ್ಪಿದರೆ ಹಸಿವಾಗುತ್ತದೆ, ಆದರೆ ಅಮ್ಮ ಹೊರಗೆ ಹಾಕುವುದಿಲ್ಲ. ಬಿಟ್ಟುಹೋದ ಅಧ್ಯಾಯಗಳನ್ನೆಲ್ಲ ಒಂದೇ ದಿನ ಓದಲು ಹೋಗಬೇಡಿ. ಇವತ್ತಿನದನ್ನು ಓದಿ.

ಬೆಟಗೇರಿ ಅಕ್ಕ:

ಟೀಚರ್, 5ನೇ ಅಧ್ಯಾಯ ಮತ್ತೆ ಓದಿದೆ. ಎಷ್ಟೋ ಗಿರಾಕಿಗಳು ಅಳತೆ ಕೊಡುವಾಗ ರೇಟು ಕೇಳಲು ಸಂಕೋಚಪಡುತ್ತಾರೆ. ಅವರ ಮುಖಗಳೇ ಕಣ್ಣಮುಂದೆ ಬಂದವು. ಒಂದು ಸಂಶಯ: ಆ ಹಿಟ್ಟಿನ ಮೇಲೆ ಎಣ್ಣೆ ಹೊಯ್ಯಬಾರದು, ಧೂಪ ಇಡಬಾರದು ಅಂತ ಇದೆ. ಅವಕ್ಕೂ ದುಡ್ಡು ಬೇಕು ಅಂತಲೇ ಬೇಡ ಎಂದದ್ದಾ?

ಉಡುಪಿ ಟೀಚರ್:

ಒಳ್ಳೆಯ ಪ್ರಶ್ನೆ. ಕಾರಣವನ್ನು ಆ ವಚನವೇ ಹೇಳುತ್ತದೆ: ಅದು ದೋಷಪರಿಹಾರಕ ಯಜ್ಞ. 2ನೇ ಅಧ್ಯಾಯದ ಧಾನ್ಯನೈವೇದ್ಯಕ್ಕೆ ಎಣ್ಣೆ, ಧೂಪ ಎರಡೂ ಇವೆ. ಇಲ್ಲಿ ತಪ್ಪು ಒಪ್ಪಿಕೊಂಡು ಬಂದವನಿಗೆ ಅವು ಬೇಡ. ಆದರೆ 10ನೇ ವಚನವನ್ನೂ 13ನೇ ವಚನವನ್ನೂ ಪಕ್ಕಪಕ್ಕ ಇಟ್ಟು ಓದಿ. ಹಕ್ಕಿ ತಂದವನಿಗೆ ಯಾವ ಕ್ಷಮೆಯೋ ಹಿಟ್ಟು ತಂದವನಿಗೂ ಅದೇ ಕ್ಷಮೆ. ಮುಂದೆ ವರ್ಷಕ್ಕೊಮ್ಮೆಯ ದೋಷಪರಿಹಾರದ ದಿನವನ್ನು ಹೇಳುವ 16ನೇ ಅಧ್ಯಾಯ ಬಂದಾಗ ಆ ದಿನ ಅದೊಂದನ್ನೇ ಓದಿ, ಜೊತೆಗೆ ಅದನ್ನು ಕ್ರಿಸ್ತನ ಬಲಿಯೊಂದಿಗೆ ಹೋಲಿಸುವ ಇಬ್ರಿಯ 9 ಇಟ್ಟುಕೊಳ್ಳಿ.