ಆರನೇ ಸೆಮ್ ಜೊತೆ ಇಂಟರ್ನ್‌ಶಿಪ್: ಮಾಡಿದವರು ಹೇಳಿ

ಪ್ರಶ್ನೆ: ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ), 2022ರ ಸ್ಕೀಮ್ ಅಂದ್ರೆ ಆ ವರ್ಷದ ಪಠ್ಯಕ್ರಮ, ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಬ್ರಾಂಚ್). ಕಾಲೇಜು ಕೆಂಗೇರಿ ಕಡೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು ಮೂರು ತಿಂಗಳ ಇಂಟರ್ನ್‌ಶಿಪ್ ಕೊಡ್ತೀನಿ ಅಂದಿದೆ, ವಾರಕ್ಕೆ ಮೂರು ದಿನ ಬರಬೇಕಂತೆ. ಅಟೆಂಡೆನ್ಸ್‌ದೇ ಭಯ. ಅಣ್ಣಂದಿರು, ಅಕ್ಕಂದಿರು ಏನಂತೀರಿ?

ಹಾಸನದವನು, ಈಗ ಕೆಲಸದಲ್ಲಿದ್ದೀನಿ: ತಮ್ಮಾ, ಮೊದಲು ಲೆಕ್ಕ ಹಾಕು. ಶೇ 85 ಬೇಕು. ಸಬ್ಜೆಕ್ಟಿಗೆ 40 ಕ್ಲಾಸ್ ಅಂದ್ಕೊಂಡ್ರೆ ತಪ್ಪಿಸೋಕೆ ನಿನ್ನ ಕೈಲಿರೋದು ಬರೀ 6. ವಾರಕ್ಕೆ ಮೂರು ದಿನ ಹೋದ್ರೆ ಅದು ಒಂದು ತಿಂಗಳೂ ಬರಲ್ಲ. ನಾನು ಈ ಲೆಕ್ಕ ಹಾಕಿದ್ದು ಶಾರ್ಟೇಜ್ ಲಿಸ್ಟ್ ನೋಟಿಸ್ ಬೋರ್ಡಿಗೆ ಬಿದ್ದ ಮೇಲೆ. ಶೇ 78! ಪೇರೆಂಟ್ಸ್ ಸಹಿ ಬೇಕು ಅಂದ್ರು. ಅಪ್ಪ ಬೆಳಗಿನ ಜಾವದ ಬಸ್ಸಿಗೆ ಬಂದು, ಎಚ್‌ಒಡಿ ರೂಮಿನ ಹೊರಗೆ ಚೀಲ ತೊಡೆ ಮೇಲಿಟ್ಕೊಂಡು ಹನ್ನೆರಡರ ತನಕ ಕೂತಿದ್ರು. ಒಂದು ಮಾತೂ ಬೈಲಿಲ್ಲ. ಬೈದಿದ್ರೆ ವಾಸಿ ಇತ್ತು. ಪ್ರಿನ್ಸಿಪಾಲ್ ಕಂಡೋನ್ ಮಾಡಿದ್ದಕ್ಕೆ, ಅಂದ್ರೆ ಕೊರತೆ ಮನ್ನಿಸಿದ್ದಕ್ಕೆ, ಪರೀಕ್ಷೆ ಬರೆದೆ.

ಆಮೇಲೆ ಬುದ್ಧಿ ಬಂದು ಕಂಪನಿಯಲ್ಲಿ ವಾರದ ಮಧ್ಯೆ ಒಂದು ದಿನ ಮತ್ತೆ ಶನಿವಾರ ಬರ್ತೀನಿ ಅಂತ ಕೇಳ್ಕೊಂಡೆ. ಒಪ್ಪಿದ್ರು. ಮೊದಲೇ ಕೇಳದೇ ಇದ್ದಿದ್ದು ನನ್ನ ತಪ್ಪು. ಲ್ಯಾಬ್ ದಿನ ಮಾತ್ರ ಯಾರಿಗೂ ಬಿಟ್ಕೊಡಬೇಡ. ಇಂಟರ್ನಲ್ಸ್ ತಾರೀಕುಗಳನ್ನ ಮೊದಲ ದಿನವೇ ಮ್ಯಾನೇಜರಿಗೆ ಕೊಟ್ಬಿಡು. ಸಿಐಇಯಲ್ಲಿ (ಸೆಮ್ ನಡೀವಾಗ ಕಾಲೇಜೇ ಕೊಡೋ ಇಂಟರ್ನಲ್ ಅಂಕ) 50ಕ್ಕೆ 20 ಬರದಿದ್ರೆ ಸೆಮ್ ಎಂಡ್‌ಗೆ ಕೂರಿಸೋದೇ ಇಲ್ಲ.

ದಿನಾ ಓಡಾಡ್ತಿರೋಳು: ದಾರಿ ಬಗ್ಗೆ ಯಾರೂ ಹೇಳಿಲ್ವಲ್ಲ. ಕೆಂಗೇರಿಯಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಲೈನ್, ಆರ್‌.ವಿ. ರೋಡಲ್ಲಿ ಇಳಿದು ಹಳದಿ. 2025ರ ಆಗಸ್ಟ್‌ನಲ್ಲಿ ಹಳದಿ ಲೈನ್ ಶುರುವಾಗೋ ಮುಂಚೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಾವು ಪಟ್ಟ ಪಾಡು ನಿಮಗಿಲ್ಲ, ಪುಣ್ಯವಂತರು. ಆದ್ರೆ ಮೆಟ್ರೋದಲ್ಲಿ ನೋಟ್ಸ್ ಓದ್ತೀನಿ ಅಂತ ಮಾತ್ರ ಪ್ಲಾನ್ ಹಾಕ್ಬೇಡಿ. ಹೋಗ್ತಾ ನಿಲ್ಲೋಕೆ ಜಾಗ ಇರಲ್ಲ, ಬರ್ತಾ ಕಣ್ಣು ತೆರೆಯಲ್ಲ.

ಲೆಕ್ಚರರ್ ಒಬ್ಬರು: 2022ರ ಸ್ಕೀಮಿನಲ್ಲಿ ಎಂಟನೇ ಸೆಮ್ ಇಂಟರ್ನ್‌ಶಿಪ್ಪಿಗೇ 10 ಕ್ರೆಡಿಟ್ ಇದೆಯಲ್ಲಪ್ಪ, ಈಗಲೇ ಅವಸರ ಬೇಡ. ಈಗ ಸಿಕ್ಕಿರೋದು ನಿಜವಾಗಿ ಕೆಲಸ ಕಲಿಸೋ ಜಾಗನಾ ನೋಡು. ಅವರೇ ನಿನ್ನ ಹತ್ರ ಫೀಸ್ ಕೇಳಿದ್ರೆ ಎದ್ದು ಬಾ.

ಪ್ರಶ್ನೆ ಕೇಳಿದವನು: ಫೀಸ್ ಇಲ್ಲ ಸರ್, ಸ್ಟೈಪೆಂಡ್ ಕೊಡ್ತಾರೆ. ಶನಿವಾರ ಮತ್ತೆ ಇನ್ನೊಂದು ದಿನ ಬರ್ತೀನಿ, ಮಂಗಳವಾರ ಲ್ಯಾಬ್ ಇದೆ, ಆಗಲ್ಲ ಅಂತ ಈಗಷ್ಟೇ ಮೇಲ್ ಹಾಕಿದೆ. ಉತ್ತರ ಬಂದಿಲ್ಲ.