ಜರೀಗಿಡದ ಎಲೆ ತುದಿ ಸುಡೋದು: ಬೋರ್ ನೀರಾ, ಮಣ್ಣಾ?

ಕೇಳಿದವರು, ಬೆಂಗಳೂರು: ಮನೆಯ ಉತ್ತರಕ್ಕಿರೋ ಓಣಿ. ಬೆಳಿಗ್ಗೆ ಸ್ವಲ್ಪ ಬಿಸಿಲು, ಆಮೇಲೆ ನೆರಳು, ನೆಲ ಸದಾ ತೇವ. ಬೋಸ್ಟನ್ ಫರ್ನ್, ಮೇಡನ್‌ಹೇರ್ ಎರಡೂ ಜರೀಗಿಡಕ್ಕೂ ಎಲೆ ತುದಿ ಕಂದಾಗ್ತಿದೆ. ಹಾಕೋದು ಬೋರ್ ನೀರು. ಬೆಳೆಸಿದವರು ಹೇಳಿ.

ಜಯನಗರ: ಮೊದಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ನೋಡಿ. ತೊಳೆಯದೆ ತುಂಬಿದ್ರೆ ಅದರ ಉಪ್ಪೇ ತುದಿ ಸುಡುತ್ತೆ. 5 ಕೆಜಿ ಕೋಕೋಪೀಟ್ ಇಟ್ಟಿಗೆ ನೆನೆಸಿ, ಗೋಣಿಚೀಲಕ್ಕೆ ಸುರಿದು, ಇಳಿಯೋ ಕೆಂಪು ನೀರು ತಿಳಿಯಾಗೋ ತನಕ ತೊಳೀಬೇಕು. ನನ್ನ ಲೆಕ್ಕ ಕೋಕೋಪೀಟ್ 2 ಪಾಲು, ಎಲೆಗೊಬ್ಬರ 2, ಪರ್ಲೈಟ್ (ನೀರು ಬಸಿಯೋಕೆ ಹಾಕೋ ಹಗುರ ಬಿಳಿ ಹರಳು) 1. ದುಡ್ಡೆಲ್ಲ ಪರ್ಲೈಟಿಗೇ ಹೋಗುತ್ತೆ, ಆದ್ರೂ ಬಿಡಲ್ಲ. ಗೊಬ್ಬರ ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗ ಸಾಕು, ಅದೂ ಕುಂಡ ಒದ್ದೆ ಇದ್ದಾಗ.

ಸಾಗರ: ಪರ್ಲೈಟಿಗೆ ಯಾಕ್ರೀ ದುಡ್ಡು ಸುರೀತೀರಿ? ಕೊಳೆತ ದರಕು (ಉದುರಿದ ಒಣ ಎಲೆ) 3 ಪಾಲು, ಕಡಲೆಕಾಳಿನಷ್ಟು ಜಂಬಿಟ್ಟಿಗೆ (ತೂತು ತೂತಾದ ಕೆಂಪು ಕಲ್ಲು) ಚೂರು 1 ಪಾಲು, ಮುಗೀತು. ಮಳೆಗಾಲದಲ್ಲಿ ಕೋಕೋಪೀಟ್ ನೀರು ಹಿಡಿದು ಬುಡ ಕೊಳೆಸುತ್ತೆ. ದವಾಲಿಯಾ ಥರದ ಜರಿಗಳ ರೋಮದ ಗೆಡ್ಡೆಯನ್ನಂತೂ ಮಣ್ಣೊಳಗೆ ಹೂಳಲೇಬೇಡಿ, ಮೇಲೆ ಕೂರಿಸಿ ದಾರದಲ್ಲಿ ಬಿಗೀರಿ.

ಜಯನಗರ: ನಿಮ್ಮ ಜಂಬಿಟ್ಟಿಗೆ ಇಲ್ಲಿ ಎಲ್ಲಿಂದ ತರೋದು ಸ್ವಾಮಿ? ಮಲೆನಾಡಿನ ಮಳೆ ಲೆಕ್ಕ ಬೆಂಗಳೂರಿನ ಮಾರ್ಚಿಗೆ ಹೇಳ್ಬೇಡಿ.

ಮೈಸೂರು: ಇಬ್ಬರೂ ನೀರಿನ ಮಾತೇ ಎತ್ತಲಿಲ್ಲ. ಗಡಸು ನೀರು ಮೇಡನ್‌ಹೇರ್‌ಗೆ ಶತ್ರು ಅಲ್ಲ. ಹಳೇ ಬಾವಿಯ ಗಾರೆ ಸಂದಿಯಲ್ಲಿ ತಾನೇ ಬೆಳೆಯೋ ಗಿಡ ಅದು. ಒಂದೇ ಮಧ್ಯಾಹ್ನ ಬೇರು ಒಣಗಿದ್ರೆ ಸಾಕು, ಎಲೆ ಪೂರ್ತಿ ಗರಿಗರಿ. ಆಗ ಕಿತ್ತೆಸೀಬೇಡಿ, ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ತೇವ ಬಿಡದಂತೆ ನೋಡ್ಕೊಂಡ್ರೆ ಸುರುಳಿ ಚಿಗುರು ಮತ್ತೆ ಬರುತ್ತೆ. ಬೋಸ್ಟನ್ ಬೇರೆ, ಅದಕ್ಕೆ ಬೋರ್ ನೀರಿನ ಉಪ್ಪು ಕುಂಡದಲ್ಲಿ ಕೂರುತ್ತೆ. ಅಂಚಲ್ಲಿ ಬಿಳಿ ಪೊರೆ ಕಂಡ್ರೆ ಮಳೆನೀರನ್ನ ತಳದಿಂದ ಧಾರಾಳ ಹೊರಗೆ ಹರಿಯೋ ಹಾಗೆ ಮೇಲಿಂದ ಹಾಕಿ.

ಪುತ್ತೂರು: ಎಲೆಯಡಿ ಕಂದು ಚುಕ್ಕೆ ಬಂದ್ರೆ ಹುಳ ಅಂತ ಬೇವಿನೆಣ್ಣೆ ಹೊಡೀರಿ.

ಮೈಸೂರು: ಯಾರೂ ಹೊಡೀಬೇಡಿ! ಸಾಲಾಗಿ ಒಂದೇ ಅಳತೆಗಿದ್ರೆ ಅದು ಬೀಜಕಣದ (ಜರಿ ಬೀಜದ ಬದಲು ಬಿಡೋ ಪುಡಿ) ಗುಂಪು. ದಂಟಿನ ಮೇಲೂ ಅಡ್ಡಾದಿಡ್ಡಿ ಕೂತು, ಉಗುರಲ್ಲಿ ಕೆರೆದ್ರೆ ಬಿಟ್ಟು ಬರೋದು ಶಲ್ಕ ಕೀಟ, ಅಂದ್ರೆ ರಸ ಹೀರೋ ಹುಳ. ಎಣ್ಣೆ ಬಿದ್ರೆ ಎಳೇ ಎಲೆ ಸುಡುತ್ತೆ, ಆ ಭಾಗ ಕತ್ತರಿಸೋದೇ ಮೇಲು.

ಪುತ್ತೂರು: ನಮ್ಮಲ್ಲಿ ಯಾವ ಎಲೆಯೂ ಸುಟ್ಟಿಲ್ಲ. ಕುಂಡದ ಗಿಡ ಬಿಡಿ, ಕಾಡಿಂದ ಮರಜರಿ (ಮರದ ಹಾಗೆ ಎತ್ತರ ಬೆಳೆಯೋ ಜರಿ) ತಂದು ನೆಡಿ, ಖರ್ಚೇ ಇಲ್ಲ.

ಸಾಗರ: ಆ ಮಾತು ಮಾತ್ರ ಆಡ್ಬೇಡಿ. ಹಳ್ಳದಂಚಿನ ಮರಜರಿ ಅಷ್ಟೆತ್ತರ ಆಗೋಕೆ ವರ್ಷಗಟ್ಟಲೆ ಬೇಕು, ಅಗೆದು ತಂದದ್ದು ಬದುಕೋದೂ ಕಷ್ಟ. ನರ್ಸರಿಯದ್ದು ತಗೊಳ್ಳಿ.