ಪದಚರ್ಚೆ: ಬೆಳೆದಂತೆ ಹಾವಿನ ಮೈಬಣ್ಣ ಬೇರೆಯಾಗುವುದಕ್ಕೆ ಏನೆನ್ನಬೇಕು?

ಪ್ರಶ್ನೆ (ಅನುವಾದಕರಿಂದ)

ಮಾನ್ಯರೇ, ವಿದೇಶಿ ಹಾವುಗಳನ್ನು ಕೇಂದ್ರ ಸರ್ಕಾರದ 2024ರ ನಿಯಮಗಳಂತೆ ನೋಂದಾಯಿಸಿ ಸಾಕುತ್ತಿರುವವರಿಗಾಗಿ ಒಂದು ಕಿರುಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅದು ಅಚ್ಚಿಗೆ ಹೋಗಬೇಕು. ಮರಿಯಲ್ಲಿದ್ದ ಬಣ್ಣ ಹೋಗಿ, ಹಾವು ಪ್ರಾಯಕ್ಕೆ ಬರುವ ಹೊತ್ತಿಗೆ ಇನ್ನೊಂದು ಬಣ್ಣ ನೆಲೆಗೊಳ್ಳುವುದಕ್ಕೆ ತಲೆಬರಹವಾಗಬಲ್ಲ ಚಿಕ್ಕ ಪದ ಬೇಕಾಗಿದೆ. ನ್ಯೂಗಿನಿಯ ಹಸಿರು ಮರಹೆಬ್ಬಾವು ಮೊಟ್ಟೆಯೊಡೆದು ಬರುವಾಗ ಅಚ್ಚ ಹಳದಿಯೋ ಇಟ್ಟಿಗೆಗೆಂಪೋ ಆಗಿದ್ದು, ಆಮೇಲೆ ಹಸಿರಾಗುತ್ತದೆ. ಹಳದಿ ಮರಿಗೆಂದು ದುಡ್ಡು ಕೊಟ್ಟವರು ಮೋಸವಾಯಿತೆಂದು ಜಗಳಕ್ಕೆ ನಿಲ್ಲುವುದುಂಟು. 'ಬಣ್ಣ ಬದಲಾವಣೆ' ಎಂದರೆ ಗೋಸುಂಬೆಯ ನೆನಪಾಗುತ್ತದೆ. ಸದ್ಯಕ್ಕೆ 'ವಯೋವರ್ಣಾಂತರ' ಎಂದು ಬರೆದುಕೊಂಡಿದ್ದೇನೆ. ನಡೆದೀತೇ?

ಉತ್ತರ (ಮಂಡ್ಯ)

ನಡೆಯದು. 'ವರ್ಣಾಂತರ'ವೆಂದರೆ ನಮ್ಮ ಕಡೆಯ ಓದುಗನಿಗೆ ಹಾವಿಗಿಂತ ಮೊದಲು ಜಾತಿ ಹೊಳೆಯುತ್ತದೆ. ಕನ್ನಡದಲ್ಲಿ ಪದವಿರುವಾಗ ಸಂಸ್ಕೃತದ ಮನೆಬಾಗಿಲಿಗೆ ಹೋಗುವ ಚಾಳಿಯನ್ನು ಅನುವಾದಕರು ಬಿಡಬೇಕು. 'ಬೆದೆಬಣ್ಣ' ಎನ್ನಿ, ಅಚ್ಚಗನ್ನಡ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆಯುವ ಅರಿಸಮಾಸದ ದೋಷವೂ ಇಲ್ಲ.

ಉತ್ತರ (ಮೈಸೂರು)

'ಬೆದೆಬಣ್ಣ' ತಪ್ಪು. ಬೆದೆ ಬರುತ್ತದೆ, ಇಳಿಯುತ್ತದೆ. ಈ ಬಣ್ಣ ಬಂದರೆ ಮತ್ತೆ ಇಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಣ್ಣವೂ ಪ್ರಾಯವೂ ಜೊತೆಯಾಗಿ ಬರುತ್ತವೆಂಬ ಎಣಿಕೆಯೇ ಸರಿಯಲ್ಲ. ಮರಹೆಬ್ಬಾವಿನ ಮರಿ ಸಾಮಾನ್ಯವಾಗಿ ವರ್ಷದ ಆಸುಪಾಸಿನಲ್ಲಿ ಹಸಿರಾದರೆ, ಆಸ್ಟ್ರೇಲಿಯಾದ ಕಾಡಿನಲ್ಲಿ ಗಂಡು 2 ವರ್ಷ ದಾಟಿದ ಮೇಲೆ, ಹೆಣ್ಣು 3 ವರ್ಷ ದಾಟಿದ ಮೇಲೆ ಪ್ರಾಯಕ್ಕೆ ಬರುತ್ತವೆ. ಹಸಿರಾಯಿತೆಂದು ಜೋಡಿಗೆ ಬಿಟ್ಟರೆ ಎಳೆಯ ಹೆಣ್ಣಿಗೆ ಅಪಾಯ. ನಿಮ್ಮ ತಲೆಬರಹ ಆ ತಪ್ಪಿಗೆ ದಾರಿ ತೋರಿಸಬಾರದು.

ಯಾರಾದರೂ 'ಪೊರೆಬಣ್ಣ' ಎನ್ನುವ ಮೊದಲೇ ಅದನ್ನೂ ತಳ್ಳಿಹಾಕುತ್ತೇನೆ. ಪೊರೆಯಾಗಿ ಕಳಚುವುದು ಹೊರಚರ್ಮದ ಮೇಲಿನ ಪದರ ಮಾತ್ರ. ಬಣ್ಣದ ಕಣಗಳನ್ನು ಹೊತ್ತ ಮುಖ್ಯ ಕೋಶಗಳು ಅದರ ಕೆಳಗೆ, ಒಳಚರ್ಮದಲ್ಲಿರುತ್ತವೆ. ಅಲ್ಲಿನ ಸಣ್ಣ ಹರಳುಗಳು ಚದುರಿಸುವ ನೀಲಿ ಬೆಳಕು ಹಳದಿ ಕೋಶಗಳನ್ನು ಹಾದು ಬರುವುದರಿಂದ ಹಾವು ಹಸಿರಾಗಿ ಕಾಣುತ್ತದೆ. ಹಾವಿನಲ್ಲಿ ಹಸಿರು ಬಣ್ಣವೆಂಬ ವಸ್ತುವೇ ಇಲ್ಲವೆಂದರೂ ಸಲ್ಲುತ್ತದೆ.

ಇನ್ನು ಅಚ್ಚಗನ್ನಡದ ಮಾತು. 'ಬಣ್ಣ' ಸ್ವತಃ 'ವರ್ಣ'ದ ತದ್ಭವ, ಪ್ರಾಕೃತದ ದಾರಿಯಲ್ಲಿ ಬಂದದ್ದು. ಕಾವಲು ಕಾಯುವವರು ಒಳಗಿರುವವರನ್ನೊಮ್ಮೆ ಎಣಿಸಿಕೊಳ್ಳಲಿ.

ನನ್ನ ಸಲಹೆ 'ಬಣ್ಣ ತಿರುಗುವುದು'.

ಉತ್ತರ (ಮಂಡ್ಯ)

ತದ್ಭವವಾದ ಮೇಲೆ ಅದು ಕನ್ನಡದ ಪದವೇ. ಕನ್ನಡ ಪದದೊಡನೆ ಅದರ ಸಮಾಸಕ್ಕೆ ವ್ಯಾಕರಣಕಾರ ಕೇಶಿರಾಜನ ಅಡ್ಡಿಯೂ ಇಲ್ಲ. ನಮ್ಮ ಬಾಯಿಗೆ ಒಗ್ಗುವಂತೆ ಬದಲಾಗಿ ಬಂದ ಪದಕ್ಕೂ ವಿಸರ್ಗ, ಮಹಾಪ್ರಾಣಗಳ ಸಮೇತ ಹೇರಿದ ಪದಕ್ಕೂ ವ್ಯತ್ಯಾಸ ಕಾಣದವರೊಡನೆ ವಾದವಿಲ್ಲ. ಬೆದೆಯನ್ನು ಬಿಟ್ಟೆ. ಆದರೆ 'ತಿರುಗು' ಎಂದರೆ ಮರಳಿ ಬರುವುದಲ್ಲವೇ? ಹಸಿರಾದ ಹಾವು ಹಳದಿಗೆ ಮರಳುವುದೇ?

ಉತ್ತರ (ಮೈಸೂರು)

ತಾವು ಮಂಡ್ಯದಲ್ಲಿದ್ದು ಈ ಪ್ರಶ್ನೆ ಕೇಳುತ್ತಿರುವುದು ಸೋಜಿಗ. ಟೊಮೆಟೊ ಬೆಳೆಯುವ ಯಾರನ್ನಾದರೂ ಕೇಳಿ. 'ಕಾಯಿ ಬಣ್ಣ ತಿರುಗಿದೆ' ಎಂದರೆ ಮತ್ತೆ ಹಸಿರಾಗುವುದೆಂದು ಯಾರೂ ತಿಳಿಯುವುದಿಲ್ಲ. ಬೆಳೆದು ಬಲಿತದ್ದು ತನ್ನಷ್ಟಕ್ಕೆ, ಒಂದೇ ದಿಕ್ಕಿನಲ್ಲಿ ಬೇರೆ ಬಣ್ಣಕ್ಕೆ ಹೋಗುವುದೆಂಬ ಅರ್ಥ ಆ ಬಳಕೆಯಲ್ಲಿ ಈಗಾಗಲೇ ಇರುವಾಗ ಹೊಸದನ್ನು ಹೊಸೆಯುವುದೇಕೆ?

ಪ್ರಶ್ನೆ ಕೇಳಿದ ಅನುವಾದಕರಿಂದ

ತಲೆಬರಹಕ್ಕೆ 'ಬಣ್ಣ ತಿರುಗುವುದು' ಎಂದೇ ಇಟ್ಟು, ಕೆಳಗೆ 'ಬಣ್ಣ ತಿರುಗಿದ ಮಾತ್ರಕ್ಕೆ ಹಾವು ಪ್ರಾಯಕ್ಕೆ ಬಂದಂತಲ್ಲ' ಎಂಬ ಸಾಲನ್ನು ಸೇರಿಸಿದ್ದೇನೆ. ಇನ್ನೊಂದು ಉಳಿದಿದೆ. ಬಾಲ್ ಪೈಥಾನ್ ಎಂಬ ಇನ್ನೊಂದು ಹೆಬ್ಬಾವಿನ ಪೇಸ್ಟಲ್ ಎಂಬ ತಳಿಯಲ್ಲಿ ಮರಿಯ ಹೊಳಪಿನ ಹಳದಿಯು ವಯಸ್ಸಾದಂತೆ ಕಳೆಗುಂದಿ ಕಂದುಬಣ್ಣದ ಕಡೆಗೆ ಇಳಿಯುವುದುಂಟು; ಸಾಕುವವರು ಅದನ್ನು 'ಬ್ರೌನ್ ಔಟ್' ಎನ್ನುತ್ತಾರೆ. 'ತಿರುಗುವುದು' ಇಲ್ಲಿ ಹೊಂದದು, ಏಕೆಂದರೆ ಗುರುತು ಸಿಗದಷ್ಟು ಬೇರೆ ಬಣ್ಣವೇನೂ ಬರುವುದಿಲ್ಲ.

ಉತ್ತರ (ಮಂಡ್ಯ)

'ಕಂದುವುದು.' ಬಾಡುವುದೂ ಅದೇ, ಬಣ್ಣವೂ ಅದೇ. ಇದಕ್ಕೂ ಪ್ರಾಕೃತದಲ್ಲಿ ಮೂಲವಿದೆಯೆಂದು ಮೈಸೂರಿನವರು ತೋರಿಸಲಿ.